ಬಾಗಿಲ ಮೇಲೆ ಉಳಿದವರು: ಹಾಡಿನ ನಾಟಕ ಕಟ್ಟುವ ಬಗೆ

ಶಿರಸಿಯಲ್ಲಿ ನಾವು ಹದಿನಾಲ್ಕು ಜನ ಸೇರಿ ಒಂದು ಹಾಡಿನ ನಾಟಕ ಕಟ್ಟಿದ್ದೇವೆ. ಎಪ್ಪತ್ತು ನಿಮಿಷದ್ದು. ದೇವಲೋಕದವರೂ ಮರೆತು, ಭೂಮಿಯವರೂ ಬಿಟ್ಟುಹೋದ ಐದು ಗಂಧರ್ವರ ಕಥೆ. ಆಪೆರಾ ಅನ್ನಿ, ಗೀತನಾಟಕ ಅನ್ನಿ, ತಂಡದಲ್ಲಿ ಎಲ್ಲರ ಬಾಯಲ್ಲಿ ಅದು 'ಬಾಗಿಲ ನಾಟಕ'. ಪದ ಬರೆದವಳು ನಾನು, ರಾಗ ಕೂರಿಸಿದವಳು ನಾನು, ಎರಡು ವರ್ಷ ತಾಲೀಮು ಮಾಡಿಸಿದವಳೂ ನಾನೇ. ಶಾಲೆಯಲ್ಲಿ ಸಂಗೀತ ಕಲಿಸುವುದು ನನ್ನ ಕೆಲಸ. ಈಗ ಕುಮಟಾದಿಂದ, ಯಲ್ಲಾಪುರದಿಂದ ಕೆಲವರು "ನಾವೂ ಇಂಥದ್ದು ಮಾಡ್ಬೇಕು, ಎಲ್ಲಿಂದ ಶುರು ಮಾಡೋದು ಅಕ್ಕೋರೇ?" ಅಂತ ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಕಥೆ. ದಯವಿಟ್ಟು ರೆಕ್ಕೆಯಿಂದ ಶುರು ಮಾಡಬೇಡಿ. ನಾವು ಮೊದಲ ವರ್ಷ ಹಾಗೇ ಮಾಡಿದ್ದು. ದೇವದೂತರ ವೇಷಕ್ಕೆಂದು ಥರ್ಮಾಕೋಲ್ ರೆಕ್ಕೆ ಕತ್ತರಿಸಿ, ಬಿಳಿ ನಿಲುವಂಗಿ ಹೊಲಿಸಿ, ಆಮೇಲೆ ಕಥೆ ಹುಡುಕುತ್ತಾ ಕುಳಿತೆವು. ರೆಕ್ಕೆಗೆ ರೆಕ್ಕೆ ತಾಗಿದರೆ ಕಿರ್ ಅನ್ನುತ್ತಿತ್ತು, ಮೈಕು ಹಾಡಿಗಿಂತ ಮೊದಲು ಅದನ್ನೇ ಹಿಡಿಯುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ದೇವದೂತ ಅಂದರೆ ಸುದ್ದಿ ತರುವವನು. ಏಂಜಲ್ ಅನ್ನುವ ಪದದ ಗ್ರೀಕ್ ಮೂಲಕ್ಕೂ ಅದೇ ಅರ್ಥ. ಸುದ್ದಿ ಹೇಳಲು ಮಾತು ಸಾಕಲ್ವಾ? ಹಾಡಿನ ನಾಟಕದಲ್ಲಿ ಐದನೇ ನಿಮಿಷಕ್ಕೆ ನೋಡುವವರ ಮನಸ್ಸಿಗೆ ಬರುವ ಪ್ರಶ್ನೆಯೇ "ಇವರು ಮಾತಾಡದೆ ಯಾಕೆ ಹಾಡ್ತಾ ಇದಾರೆ?" ಅನ್ನುವುದು. ಉತ್ತರ ಕಥೆಯೊಳಗೇ ಸಿಗಬೇಕು. ಗಂಧರ್ವರಾದರೆ ಸಿಗುತ್ತದೆ. ಹಾಡುವುದೇ ಅವರ ಹುಟ್ಟುಗುಣ.

ಶಾಪ ಸಿಕ್ಕಿ ಭೂಮಿಗೆ ಬಿದ್ದವರು ನಮ್ಮ ಪುರಾಣದಲ್ಲಿ ಬೇಕಾದಷ್ಟು ಜನ ಇದ್ದಾರೆ. ರಾಮಾಯಣದ ವಿರಾಧ ಮೊದಲು ತುಂಬುರು ಎಂಬ ಗಂಧರ್ವ, ಕುಬೇರನ ಶಾಪದಿಂದ ರಾಕ್ಷಸನಾದವನು. ಗಜೇಂದ್ರನ ಕಾಲು ಹಿಡಿದ ಮೊಸಳೆ ಹೂಹೂ ಎಂಬ ಗಂಧರ್ವ. ಕುಬೇರನ ಮಕ್ಕಳು ನಳಕೂಬರ, ಮಣಿಗ್ರೀವ ಜೋಡಿ ಮತ್ತಿಮರವಾಗಿ ನಿಂತರು. ಆದರೆ ಇವರೆಲ್ಲರಿಗೂ ವಿಮೋಚನೆ ಉಂಟು. ಒಬ್ಬನಿಗೆ ರಾಮ ಬರುತ್ತಾನೆ, ಒಬ್ಬನಿಗೆ ವಿಷ್ಣು, ಮತ್ತಿಬ್ಬರಿಗೆ ಒರಳು ಎಳೆಯುತ್ತಾ ಬರುವ ಮಗು ಕೃಷ್ಣ. ನಾವು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಬರಬೇಕಾದವನು ಬರಲೇ ಇಲ್ಲ ಅಂದರೆ?

ಜಾಗ ನಮಗೆ ಹತ್ತಿರದಲ್ಲೇ ಸಿಕ್ಕಿತು. ಕಾಳಿ ನದಿಗೆ ಗಣೇಶಗುಡಿಯಲ್ಲಿ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆ ನೀರಿನಡಿಗೆ ಹೋಯಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಎಷ್ಟೋ ಮನೆಯವರು ರಾಮನಗರಕ್ಕೆ ಹೋಗಿ ನೆಲೆಸಿದರು. ನಮ್ಮ ಜಿಲ್ಲೆಯಲ್ಲಿ 'ಮುಳುಗಡೆ' ಅಂದರೆ ಸಾಕು, ಬಿಡಿಸಿ ಹೇಳುವ ಅಗತ್ಯವಿಲ್ಲ. ನಾಟಕದ ಊರಿಗೆ ನಾವು ಹೆಸರು ಇಟ್ಟಿಲ್ಲ. ಊರವರು ಹೊರಡುವಾಗ ಗರ್ಭಗುಡಿಯ ದೇವರನ್ನು ಎತ್ತಿಕೊಂಡು ಹೋಗುತ್ತಾರೆ. ಬಾಗಿಲಿನ ಮೇಲ್ಪಟ್ಟಿಯಲ್ಲಿ ಕೆತ್ತಿರುವ ಐದು ಗಂಧರ್ವರನ್ನು ಯಾರೂ ಎತ್ತುವುದಿಲ್ಲ. ಅವರಿಗೆ ಪೂಜೆ ಇಲ್ಲ, ನೈವೇದ್ಯ ಇಲ್ಲ, ಹಾಗಾಗಿ ಯಾರ ನೆನಪಿಗೂ ಬರಲಿಲ್ಲ. ಇಷ್ಟೇ ಕಥೆ. ನಿಮ್ಮ ಕಥೆಯನ್ನೂ ಹೀಗೆ ಒಂದೇ ಉಸಿರಿಗೆ ಹೇಳಿ ನೋಡಿ. ಯಾರು, ಯಾರನ್ನು, ಎಲ್ಲಿ ಬಿಟ್ಟುಹೋದರು? ಹೇಳಲು ಬರಲಿಲ್ಲ ಅಂದರೆ ಪದ ಬರೆಯಲು ಇನ್ನೂ ಹೊತ್ತಾಗಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಟ್ಟುಹೋದವರಿಗೂ ಒಂದು ಪಾತ್ರ ಕೊಡಿ. ಇದನ್ನು ನನಗೆ ಕಲಿಸಿದ್ದು ಕಾರವಾರ. 1883ರಲ್ಲಿ ರವೀಂದ್ರನಾಥ ಟ್ಯಾಗೋರರು ಕಾರವಾರಕ್ಕೆ ಬಂದು ಇದ್ದರು. ಅವರಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. 22ರ ಹರೆಯದ ರವೀಂದ್ರರು ಅಲ್ಲಿ ಬರೆದದ್ದು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ. ಅದರಲ್ಲಿ ಒಬ್ಬ ಸನ್ಯಾಸಿ. ಅವನನ್ನು ಹಚ್ಚಿಕೊಂಡ ಒಂದು ಅನಾಥ ಹುಡುಗಿ. ಮೋಹ ಬೇಡವೆಂದು ಅವನು ಅವಳನ್ನು ಬಿಟ್ಟುಹೋಗುತ್ತಾನೆ, ಮನಸ್ಸು ಕರಗಿ ತಿರುಗಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ನಾಟಕದ ಕೆಲವು ಹಾಡುಗಳನ್ನು ಅವರು ಕಾರವಾರದಿಂದ ಮರಳುವಾಗ ಹಡಗಿನ ಮೇಲೆ ಕುಳಿತು, ಹಾಡುತ್ತಾ ಬರೆದರಂತೆ. ಬಿಟ್ಟವನ ಎದೆಯೊಳಗೆ ಏನು ನಡೆಯಿತು ಅನ್ನುವುದೇ ಆ ನಾಟಕದ ಜೀವ. ನಮ್ಮ ನಾಟಕದ ಊರವರೇನು ಕೆಟ್ಟವರಾ? ಅವರದ್ದೇ ಮನೆ ಮುಳುಗುತ್ತಿದೆ. ತಲೆ ಮೇಲೆ ಹಂಡೆ, ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಂಗಸು ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿ ಹೋಗುತ್ತಾಳೆ. ಅವಳ ಪಾತ್ರ ಮೂರೇ ನಿಮಿಷ. ಅದನ್ನು ಸೇರಿಸಿದ ಮೇಲೆಯೇ ನಾಟಕ ಗಟ್ಟಿಯಾಗಿ ನಿಂತಿತು.

ಜನ ಕುಳಿತು ಕೇಳುತ್ತಾರಾ ಅನ್ನುವ ಹೆದರಿಕೆ ಇದ್ದರೆ ಬಿಟ್ಟುಬಿಡಿ. ಯುರೋಪಿನಲ್ಲಿ ಆಪೆರಾ ಹುಟ್ಟಿದ್ದು 1600ರ ಆಸುಪಾಸಿನಲ್ಲಿ, ಇಟಲಿಯ ಫ್ಲಾರೆನ್ಸಿನಲ್ಲಿ. ನಮ್ಮಲ್ಲಿ ಯಕ್ಷಗಾನದ ಭಾಗವತರು ಪದ್ಯ ಹೇಳಿ ಇಡೀ ರಾತ್ರಿ ಕಥೆ ನಡೆಸುವುದನ್ನು ಚಿಕ್ಕ ಮಕ್ಕಳೂ ನೋಡಿದ್ದಾರೆ. ಗುಣವಂತೆಯ ಕೆರೆಮನೆ ಮೇಳ ಶುರುವಾದದ್ದೇ 1934ರಲ್ಲಿ. ಕನ್ನಡದಲ್ಲಿ ಶಿವರಾಮ ಕಾರಂತರು, ಪು.ತಿ.ನ. ಗೀತನಾಟಕ ಬರೆದಿದ್ದಾರೆ. ಪು.ತಿ.ನ. ಅವರಿಗೆ 1966ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇಂಥ ರೂಪಕಗಳ ಸಂಕಲನಕ್ಕೇ. ಘಟ್ಟದ ಮೇಲಿರಲಿ ಕೆಳಗಿರಲಿ, ಹಾಡಿನಲ್ಲಿ ಕಥೆ ಕೇಳುವ ಕಿವಿ ನಮ್ಮವರಿಗೆ ಇದೆ.

ಆದರೆ ಒಂದು ನಿಯಮ ಬೇಕು. ಯಾರು ಹಾಡುತ್ತಾರೆ, ಯಾರು ಮಾತಾಡುತ್ತಾರೆ? ಯಕ್ಷಗಾನದಲ್ಲಿ ಪದ್ಯ ಭಾಗವತರದ್ದು, ಅರ್ಥ, ಅಂದರೆ ಮಾತು, ವೇಷದವರದ್ದು. ನಾವು ಮಾಡಿಕೊಂಡ ನಿಯಮ ಹೀಗೆ: ಮನುಷ್ಯರು ಮಾತಾಡುತ್ತಾರೆ, ಗಂಧರ್ವರು ಹಾಡುತ್ತಾರೆ, ಮನುಷ್ಯರಿಗೆ ಆ ಹಾಡು ಕೇಳಿಸುವುದಿಲ್ಲ. ಸರ್ವೆ ಮಾಡಲು ಬಂದವನು ಬಾಗಿಲಿಗೆ ಒರಗಿ ಬೀಡಿ ಹಚ್ಚುತ್ತಾನೆ. ಅವನ ತಲೆಯ ಮೇಲೆಯೇ ಐದು ಜನ ಹಾಡುತ್ತಿದ್ದಾರೆ. ಅವನಿಗೆ ಏನೂ ಗೊತ್ತಿಲ್ಲ. ಬರೀ ಈ ನಿಯಮದಿಂದಲೇ ಅರ್ಧ ಕೆಲಸ ಆಯಿತು. ಹಂಡೆ ಹೊತ್ತ ಹೆಂಗಸು ಮಾತ್ರ ಹೋಗುವಾಗ ಒಂದು ಸಾಲು ಗುನುಗುತ್ತಾಳೆ, ಅದು ಗಂಧರ್ವರದ್ದೇ ಸಾಲು. ಅವಳಿಗೆ ಅದು ಎಲ್ಲಿಂದ ಬಂತು ಅಂತ ನಾವು ಹೇಳುವುದಿಲ್ಲ.

ಈಗ ಪದ. ಬರೆಯುವಾಗ ಕಾಗದದ ಮೇಲೆ ಚೆಂದ ಕಾಣುವುದು ಗಂಟಲಿಗೆ ಕಷ್ಟ ಆಗಬಹುದು. ನಾನು ಮೊದಲು ಬರೆದ ಸಾಲಿನಲ್ಲಿ 'ನಿರ್ಲಕ್ಷಿತ', 'ನಿರೀಕ್ಷೆ' ಎರಡೂ ಇದ್ದವು. ತಾರ ಷಡ್ಜದ, ಅಂದರೆ ಮೇಲಿನ 'ಸ'ದ ಮೇಲೆ 'ನಿರೀಕ್ಷೆ' ಅಂತ ಎಳೆಯಲು ಹೋದ ಹುಡುಗಿಗೆ 'ಕ್ಷೆ' ಬರುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಮೇಲಿನ ಸ್ವರಕ್ಕೆ ಒತ್ತಕ್ಷರ ಇಡಬೇಡಿ. ಎಳೆಯುವ ಕಡೆ ಆ, ಓ, ಊ ಬರಲಿ. ಬಾಯಿ ತೆರೆದರೆ ದನಿ ತಾನೇ ಹೊರಗೆ ಬರುತ್ತದೆ. ಕಡೆಗೆ ಹೀಗೆ ಬರೆದೆ:

ಊರು ಹೋಯಿತು ಬಾಗಿಲುಳಿಯಿತು
ಬಾಗಿಲಾಚೆಗೆ ನೀರು ಬೆಳೆಯಿತು
ಯಾರು ಬರುವರು ನಮ್ಮ ಕರೆಯಲು
ಕಲ್ಲ ಬಾಯಲಿ ಹಾಡು ಉಳಿಯಿತು

ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆ. ಬೆರಳಲ್ಲಿ ಎಣಿಸಿ ನೋಡಿ. ಇದು ಭಾಮಿನಿ ಷಟ್ಪದಿಯ ನಡೆ, ಏಳು ಮಾತ್ರೆಯ ತ್ರಿವುಡೆ ತಾಳಕ್ಕೆ ತಾನಾಗಿ ಕೂರುತ್ತದೆ. ಐದೈದು ಮಾತ್ರೆಯಲ್ಲಿ, ವಾರ್ಧಕದ ನಡೆಯಲ್ಲಿ ಬರೆದರೆ ಝಂಪೆ ತಾಳಕ್ಕೆ ಹೋಗುತ್ತದೆ. ಛಂದಸ್ಸು ಶಾಲೆಯಲ್ಲಿ ಕಲಿತು ಮರೆತಿದ್ದರೆ ಒಂದು ಸಲ ತಿರುವಿ ಹಾಕಿ. ಮಾತ್ರೆ ಸರಿ ಇದ್ದರೆ ಮದ್ದಳೆಯವರು ನಿಮ್ಮ ಸಾಲಿನ ಹಿಂದೆ ಓಡಬೇಕಿಲ್ಲ, ಜೊತೆಗೆ ನಡೆಯುತ್ತಾರೆ.

ರಾಗದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲಿ. ಗಂಡಸರು, ಹೆಂಗಸರು ಒಟ್ಟಿಗೆ ಹಾಡಬೇಕು. ನಮ್ಮ ಗಂಡಸರ ಶ್ರುತಿ ಕಪ್ಪು 1, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ (ಒತ್ತುವ ಕೀಲಿಗೆ ನಾವು ಮನೆ ಅನ್ನುತ್ತೇವೆ), ಹೆಂಗಸರದ್ದು ಕಪ್ಪು 4. ಮೊದಲೆಲ್ಲ ಹಾಡು ಬದಲಾದ ಹಾಗೆ ಶ್ರುತಿ ಬದಲಾಯಿಸುತ್ತಿದ್ದೆವು, ಪ್ರತಿ ಸಲ ನಾಟಕ ಅಲ್ಲೇ ಮುರಿಯುತ್ತಿತ್ತು. ಆಮೇಲೆ ಹಾರ್ಮೋನಿಯಂ ಎದುರು ಕುಳಿತು ನೋಡಿದಾಗ ಹೊಳೆಯಿತು. ಕಪ್ಪು 1 'ಸ' ಆದರೆ ಅದಕ್ಕೆ ಪಂಚಮ, ಅಂದರೆ 'ಪ', ಯಾವುದು? ಕಪ್ಪು 4. ಗಂಡಸರ ಪಂಚಮವೇ ಹೆಂಗಸರ ಷಡ್ಜ. ಗಂಡಸರು ಕಪ್ಪು 1ರಿಂದ ಭೂಪ್ ರಾಗ, ಅಂದರೆ ಕರ್ನಾಟಕ ಸಂಗೀತದ ಮೋಹನ ಹಾಡಲಿ. ಅವೇ ಐದು ಮನೆಗಳನ್ನು ಕಪ್ಪು 4ರಿಂದ ಹಾಡಿದರೆ ಅದು ದುರ್ಗಾ, ಅಂದರೆ ಶುದ್ಧ ಸಾವೇರಿ. ಶ್ರುತಿ ಅದೇ, ಮನೆಗಳು ಅವೇ, ರಾಗ ಮಾತ್ರ ಎರಡು. ಒಂದು ಗುಂಪು ಮುಗಿಸಿದ ಕಡೆಯಿಂದ ಇನ್ನೊಂದು ಗುಂಪು ಎತ್ತಿಕೊಂಡಾಗ ಬೆಳಕಿನ ಬಣ್ಣ ಬದಲಾದ ಹಾಗೆ ಆಗುತ್ತದೆ. ಒಬ್ಬರೇ ಕುಳಿತು ಒಮ್ಮೆ ನುಡಿಸಿ ನೋಡಿ, ನಾನು ಹೇಳುವುದಕ್ಕಿಂತ ಅದೇ ವಾಸಿ.

ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿ ಕಾರವಾರದ ಒಬ್ಬ ಹುಡುಗ ಇದ್ದಾನೆ, ಚರ್ಚಿನ ಕಾಯರಿನಲ್ಲಿ, ಅಂದರೆ ಹಾಡುವ ಗುಂಪಿನಲ್ಲಿ, ಬೇಸ್ ಎಂಬ ಎಲ್ಲಕ್ಕಿಂತ ಕೆಳಗಿನ ದನಿ ಹಾಡಿ ಬೆಳೆದವನು. ಒಂದೇ ಹೊತ್ತಿಗೆ ಬೇರೆ ಬೇರೆ ಸ್ವರ ಹಾಡುವುದು ಅವನಿಗೆ ನೀರು ಕುಡಿದ ಹಾಗೆ. ನಮ್ಮ ಕಡೆಯವರಿಗೆ ಅದು ಅಪಶ್ರುತಿ ಅಂತಲೇ ಅನ್ನಿಸುತ್ತಿತ್ತು. ಭೂಪ್‌ನಲ್ಲಿ ಅಕ್ಕಪಕ್ಕ ಅರ್ಧ ಸ್ವರಗಳು ಇಲ್ಲ. ಹಾಗಾಗಿ ಎರಡು ದನಿ ಬೇರೆ ಬೇರೆ ದಾರಿ ಹಿಡಿದರೂ ಒಂದಕ್ಕೊಂದು ಗುದ್ದುವುದಿಲ್ಲ. ಐದು ಗಂಧರ್ವರ ಹಾಡಿನ ಕೆಳಗೆ ಅವನ ಮಂದ್ರದ ದನಿ ಸೇರಿದ ದಿನ ಮದ್ದಳೆಯವರು ನುಡಿಸುವುದು ನಿಲ್ಲಿಸಿ ಸುಮ್ನೆ ಕುಳಿತು ಕೇಳಿದರು. ದುಃಖ ಅಂದ ಕೂಡಲೇ ಶಿವರಂಜನಿಗೆ ಕೈಹಾಕುವ ಅಭ್ಯಾಸ ಬೇಡ. ಭೂಪ್‌ನ ಗಾಂಧಾರ ಒಂದನ್ನು ಇಳಿಸಿದರೆ ಶಿವರಂಜನಿ ಆಗುತ್ತದೆ. ನಾವು ಅದನ್ನು ಒಂದೇ ಕಡೆ ಇಟ್ಟಿದ್ದೇವೆ, ಊರ ಕೊನೆಯ ಗಾಡಿ ಹೊರಡುವಾಗ. ಇಪ್ಪತ್ತು ನಿಮಿಷ ಭೂಪ್ ಕೇಳಿದ ಕಿವಿಗೆ ಆ ಒಂದು ಸ್ವರ ಇಳಿದದ್ದು ತಟ್ಟನೆ ಗೊತ್ತಾಗುತ್ತದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಬಿಟ್ಟುಹೋಗುವುದನ್ನು ಹಾಡಿನ ನಾಟಕದಲ್ಲಿ ಹೇಗೆ ಕೇಳಿಸುವುದು? ಪದದಲ್ಲಿ ಎಷ್ಟು ಸಲ "ಬಿಟ್ಟು ಹೋದರು" ಅಂದರೂ ಅದು ಸುದ್ದಿ ಮಾತ್ರ. ಚಂಡೆ ಬಡಿದರೆ ಯುದ್ಧ ಆಗುತ್ತದೆ. ನನಗೆ ಇದರ ದಾರಿ ಗೊತ್ತಾದದ್ದು ಒಂದು ಸಂಜೆ ತಾಲೀಮಿನಲ್ಲಿ.

ನಮ್ಮ ಹಾರ್ಮೋನಿಯಂ ಮಾಸ್ತರರು ಸಿದ್ದಾಪುರದ ಕಡೆಯವರು. ಕೊನೇ ಬಸ್ಸಿಗೆ ಹೋಗಲೇಬೇಕು. ಆ ದಿನ ಹಾಡು ನಡುವೆ ಇತ್ತು. ಚಿಕ್ಕ ಗಂಧರ್ವೆ ಪಾತ್ರದ ಹುಡುಗಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಮಾಸ್ತರರು ಗಡಿಯಾರ ನೋಡಿದರು, ನನ್ನ ಕಡೆ ಕೈಸನ್ನೆ ಮಾಡಿದರು, ಒಂದೊಂದೇ ಬೆರಳು ಎತ್ತಿ ತಿದಿ ಮುಚ್ಚಿದರು. ಚೀಲ ಹೆಗಲಿಗೆ ಹಾಕಿಕೊಂಡು ಸದ್ದಿಲ್ಲದೆ ಹೊರಟರು. ಹುಡುಗಿ ಹಾಡುತ್ತಲೇ ಇದ್ದಳು. ಮೊದಲ ಸಾಲು ಶ್ರುತಿಯಲ್ಲೇ ಇತ್ತು. ಎರಡನೆಯದೂ ಶ್ರುತಿ ಬಿಡಲಿಲ್ಲ. ಮೂರನೆಯದರಲ್ಲಿ ಸ್ವರ ಕೂದಲೆಳೆಯಷ್ಟು ಕೆಳಗೆ ಜಾರಿತು. ಅವಳಿಗೆ ಗೊತ್ತಾಯಿತು. ಬಲಗೈ ತಾನಾಗಿ ಹಾರ್ಮೋನಿಯಂ ಇರುವ ಕಡೆಗೆ ಚಾಚಿತು, ಕತ್ತಲಲ್ಲಿ ಗೋಡೆ ಹುಡುಕಿದ ಹಾಗೆ. ಕಣ್ಣು ಬಿಟ್ಟು, "ಅಕ್ಕೋರೇ, ಮಾಸ್ತರ್ ಎಲ್ಲಿ?" ಅಂದಳು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಅದನ್ನೇ ನಾಟಕಕ್ಕೆ ತಂದೆವು. ಕೊನೆಯ ಹಾಡಿನಲ್ಲಿ ಮಾಸ್ತರರು ಹಿಡಿದಿರುವುದು ಮೂರು ಮನೆ: ಮಂದ್ರದ ಕಪ್ಪು 1, ನಡುವೆ ಕಪ್ಪು 4, ಮೇಲಿನ ಕಪ್ಪು 1. ಮೊದಲು ಮಂದ್ರದ ಬೆರಳು ಎತ್ತುತ್ತಾರೆ. ಕಾಲಡಿಯ ನೆಲ ಹೋದ ಹಾಗೆ ಆಗುತ್ತದೆ, ಆದರೆ ಜನರಿಗೆ ಇನ್ನೂ ಏನಾಯಿತೆಂದು ತಿಳಿದಿರುವುದಿಲ್ಲ. ಒಂದು ಸಾಲು ಬಿಟ್ಟು ಮೇಲಿನದು. ಕಡೆಗೆ ಉಳಿದ ಕಪ್ಪು 4, ಅದು ಅವಳ ಸ್ವಂತ ಷಡ್ಜ. ಅದನ್ನೂ ಎತ್ತಿ, ತಿದಿ ಮುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು ಎಲ್ಲರ ಕಣ್ಣೆದುರೇ ರಂಗ ಬಿಟ್ಟು ನಡೆಯುತ್ತಾರೆ. ಒಟ್ಟು ನಲವತ್ತು ಸೆಕೆಂಡು. ಅವಸರ ಮಾಡಬೇಡಿ. ಒಮ್ಮೆಗೇ ನಿಲ್ಲಿಸಿದರೆ ಕರೆಂಟ್ ಹೋಯಿತೇನೋ ಅಂತ ಜನ ಸೌಂಡಿನವರ ಕಡೆ ತಿರುಗುತ್ತಾರೆ.

ಶ್ರುತಿ ಇಲ್ಲದೆ ಹಾಡುವುದನ್ನು ಕಲಿಸಲು ಸಮಯ ಬೇಕು. ತಂಬೂರ ಆ್ಯಪ್ ಹಾಕಿ ಒಂದು ಸಾಲು ಹಾಡಿಸಿ. ನಿಲ್ಲಿಸಿ. ನಾಲ್ಕು ಸಾಲು ಹಾಗೇ ಹಾಡಿಸಿ. ಮತ್ತೆ ಹಾಕಿ, ಎಷ್ಟು ಜಾರಿದೆ ಅಂತ ಎಲ್ಲರೂ ಸೇರಿ ಕೇಳಿ. ಯಾರನ್ನೂ ಬೈಯಬೇಡಿ, ಬೈದರೆ ಗಂಟಲು ಬಿಗಿದು ಇನ್ನೂ ಕೆಳಗೆ ಹೋಗುತ್ತದೆ. ನಮ್ಮವರು ಮೊದಲ ವಾರ ಅರ್ಧ ಮನೆ ಇಳಿಯುತ್ತಿದ್ದರು. ಮೂರು ವಾರಕ್ಕೆ ನಿಂತಿತು. ಪ್ರದರ್ಶನದಲ್ಲಿ ಕೂದಲೆಳೆ ಜಾರಿದರೆ ಜಾರಲಿ, ಅಲ್ಲಿ ಅದು ಕಥೆಯದ್ದೇ ಭಾಗ. ಆದರೆ ಬೇಕೆಂದು ಜಾರಿಸಲು ಹೇಳಬೇಡಿ. ನಿಲ್ಲಲು ಪ್ರಯತ್ನ ಪಡುವುದನ್ನೇ ಜನ ಕೇಳಬೇಕು.

ರಂಗದ ಮೇಲೆ ಬೇಕಾದದ್ದು ಒಂದು ಬಾಗಿಲುವಾಡ, ಅಂದರೆ ಬಾಗಿಲಿನ ಚೌಕಟ್ಟು ಮಾತ್ರ. ಹಳೇ ಮನೆ ಬಿಚ್ಚಿದ ಕಡೆ ಸಿಗುತ್ತದೆ. ಅದರ ಹಿಂದೆ ಏಳು ಅಡಿ ಎತ್ತರಕ್ಕೆ ಅಟ್ಟ. ಅಡಿಕೆ ಮರದ ಕಂಬ ಸಾಕು ಅಂದುಕೊಂಡಿದ್ದೆವು, ಐದು ಜನ ಹತ್ತಿದಾಗ ಅಲ್ಲಾಡಿತು. ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗೆ ತನ್ನಿ. ಇದರಲ್ಲಿ ಉಳಿತಾಯ ಬೇಡ. ನಮ್ಮ ಗುಡಿಗಳ ಕೆತ್ತನೆಯಲ್ಲಿ ಹಾರುವ ಗಂಧರ್ವರಿಗೆ ರೆಕ್ಕೆ ಇರುವುದಿಲ್ಲ, ಕಾಲು ಹಿಂದಕ್ಕೆ ಮಡಿಚಿರುತ್ತದೆ. ಅಷ್ಟರಲ್ಲೇ ಹಾರುತ್ತಾರೆ. ನಮ್ಮವರೂ ಹಾಗೇ ಕಾಲು ಮಡಿಚಿ ಕೂರುತ್ತಾರೆ, ಹತ್ತು ನಿಮಿಷಕ್ಕೊಮ್ಮೆ ಬೆಳಕು ಕಡಿಮೆಯಾದಾಗ ಕಾಲು ಬದಲಾಯಿಸುತ್ತಾರೆ. ಮುಖಕ್ಕೆ ಸಫೇದ ಅನ್ನುವ ಬಿಳಿ ಬಣ್ಣದ ಪುಡಿಗೆ ಸ್ವಲ್ಪ ಕಾಡಿಗೆ, ಕೊಬ್ಬರಿ ಎಣ್ಣೆ ಕಲಸಿ ಕಲ್ಲಿನ ಬಣ್ಣ.

ನೀರಿಗೆ ನೀಲಿ ಬಟ್ಟೆ ಬೀಸುವುದು ಬೇಡ. ಯಕ್ಷಗಾನದ ತೆರೆ ಇದೆಯಲ್ಲ, ಇಬ್ಬರು ಎರಡು ಕಡೆ ಹಿಡಿಯುವುದು? ಅದನ್ನೇ ಬಳಸಿದೆವು. ಮೊದಲ ದೃಶ್ಯದಲ್ಲಿ ನೆಲಕ್ಕೆ ತಾಗಿರುತ್ತದೆ. ಪ್ರತಿ ದೃಶ್ಯಕ್ಕೂ ಒಂದು ಗೇಣು ಮೇಲೆ. ಹಿಡಿದವರು ಎಪ್ಪತ್ತು ನಿಮಿಷ ಅಲ್ಲಾಡಬಾರದು. ಮೇಳದಲ್ಲಿ ದುಡಿದು ಬಂದ ಇಬ್ಬರು ಹುಡುಗರು ನಮಗೆ ಸಿಕ್ಕಿದ್ದು ಪುಣ್ಯ. ಕಡೆಗೆ ತೆರೆ ಗಂಧರ್ವರ ಗಲ್ಲದವರೆಗೆ ಬಂದಿರುತ್ತದೆ.

ಚಂಡೆ ಎರಡೇ ಕಡೆ ಇಟ್ಟುಕೊಳ್ಳಿ. ಬಯಲಾಟಕ್ಕೆ ಹುಟ್ಟಿದ ವಾದ್ಯ, ಮುಚ್ಚಿದ ಹಾಲಿನಲ್ಲಿ ಪದ ನುಂಗುತ್ತದೆ. ಮೈಕು ಜಾಸ್ತಿ ಬೇಡ, ಬಾಗಿಲುವಾಡದ ಮೇಲೆ ಎರಡು ಸಾಕು.

ದಿನ ಗೊತ್ತು ಮಾಡುವಾಗ ಊರಿನ ಲೆಕ್ಕ ನೋಡಿ. ಮಳೆಗಾಲದಲ್ಲಿ ತಾಲೀಮು ಮಾಡಿ, ಪ್ರದರ್ಶನ ಇಡಬೇಡಿ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಶ್ರುತಿ ಇಲ್ಲದ ಆ ಹಾಡು ಯಾರಿಗೂ ಕೇಳುವುದಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ತೋಟದವರು ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯ ಹತ್ತಿರ ಶಿರಸಿಯಲ್ಲಿ ಯಾವ ಹಾಲೂ ಖಾಲಿ ಇರುವುದಿಲ್ಲ. ಏಪ್ರಿಲ್ ನಮಗೆ ಹೊಂದಿತು. ಘಟ್ಟ ಇಳಿದು ಕುಮಟಾಕ್ಕೋ ಕಾರವಾರಕ್ಕೋ ಹೋಗುವುದಾದರೆ ಮಧ್ಯಾಹ್ನಕ್ಕೇ ತಲುಪಿ. ಕಡಲ ಗಾಳಿಯ ತೇವಕ್ಕೆ ಮದ್ದಳೆಯ ಚರ್ಮ ಸಡಿಲಾಗುತ್ತದೆ. ಶಿರಸಿಯಲ್ಲಿ ಬೆಳಿಗ್ಗೆ ಕೂಡಿಸಿದ ಶ್ರುತಿ ಅಲ್ಲಿ ಸಂಜೆಗೆ ಇರುವುದಿಲ್ಲ. ಎರಡು ತಾಸು ಅಲ್ಲೇ ಇಟ್ಟು, ಆಮೇಲೆ ಶ್ರುತಿ ಮಾಡಿಕೊಳ್ಳಲಿ.

ನಾಟಕ ಮುಗಿದ ಮೇಲೆ ಮಾಸ್ತರರನ್ನು ತಕ್ಷಣ ಒಳಗೆ ಕರೆಯಬೇಡಿ, ಹಾರ್ಮೋನಿಯಂ ಮುಟ್ಟಬೇಡಿ. ದೀಪ ಬರಲಿ, ಜನ ಏಳಲಿ. ಅಟ್ಟದಿಂದ ಇಳಿಯುವವರಿಗೆ ಕಾಲು ಜೋಮು ಹಿಡಿದಿರುತ್ತದೆ, ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸಿ, ಚಿಕ್ಕವಳನ್ನು ಮೊದಲು. ಬಣ್ಣ ತೆಗೆಯಲು ಸೋಪು ಬೇಡ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಪಂಚೆಯಲ್ಲಿ ಒರೆಸಿ, ಆಮೇಲೆ ಕಡಲೆ ಹಿಟ್ಟು.